ಗಂಟೆ ಹೊಡೆದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ

(ನಮ್ಮ ಓದುಬಳಗದಲ್ಲಿ ಆಡಿದ ಮಾತಿನ ಬರಹ ರೂಪ ಇದು. ದಾರಿ ತಪ್ಪಿ ಹೋದ ಕಡೆ ಒಂದಷ್ಟು ಕತ್ತರಿ ಹಾಕಿದ್ದೇನೆ. ಇನ್ನೊಂದಷ್ಟು ಕಡೆ ಮನಸ್ಸಾಗದೆ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಹೇಳಹೊರಟಿರುವುದು ಬೆಥ್ಲೆಹೆಮ್‌ನ ಒಂದು ಮಠದ ಬಗ್ಗೆ. ಯೇಸು ಹುಟ್ಟಿದ ಬೆಥ್ಲೆಹೆಮ್ ಅಲ್ಲ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಅದೇ ಹೆಸರಿನ ಪುಟ್ಟ ಊರೊಂದಿದೆ. ಡಿಸೆಂಬರ್ ಬಂತೆಂದರೆ ಅಲ್ಲಿನ ಅಂಚೆ ಕಚೇರಿಗೆ ಜನ ಮುತ್ತುತ್ತಾರೆ, ಕ್ರಿಸ್‌ಮಸ್ ಕಾರ್ಡಿನ ಮೇಲೆ ಬೆಥ್ಲೆಹೆಮ್ ಅಂತ ಮುದ್ರೆ ಬೀಳಲಿ ಎನ್ನುವ ಆಸೆಗೆ. ಆ ಊರಲ್ಲಿ ರೆಜೀನಾ ಲೌಡಿಸ್ ಎಂಬ ಮಠ ಇದೆ. ಬೆನೆಡಿಕ್ಟಿನ್ ಸಂಪ್ರದಾಯದ, ಅಂದರೆ ಸಂತ ಬೆನೆಡಿಕ್ಟ್ ಬರೆದಿಟ್ಟ ನಿಯಮದಂತೆ ಬದುಕುವ ಕ್ಯಾಥೊಲಿಕ್ ಸನ್ಯಾಸಿನಿಯರ ಮಠ. ಶುರುವಾಗಿದ್ದು 1947ರಲ್ಲಿ. ಸುಮಾರು 400 ಎಕರೆ ಜಾಗ. ಹೊಲ, ಕಾಡು, ಹಸುಗಳು, ತರಕಾರಿ ತೋಟ, ಜೇನುಪೆಟ್ಟಿಗೆ, ಕಮ್ಮಾರಸಾಲೆ, ಎಲ್ಲ ಉಂಟು. ಹೊರಗಿನವರು ಕೆಲವು ದಿನ ಬಂದು ಇರಲು ಅತಿಥಿಗೃಹಗಳಿವೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ.

ಮಠಕ್ಕೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಅಂದರೆ ಈಗಿನ ಕಾಲದಲ್ಲಿ ನಮ್ಮ ತಲೆಗೆ ಬರುವ ಚಿತ್ರ ಒಂದೇ. ಫೋನ್ ಇಲ್ಲ, ಗಲಾಟೆ ಇಲ್ಲ, ಗಿಡಮರ, ನಗುಮುಖದ ಯಾರೋ ಒಬ್ಬರು ಬಂದು ನಮ್ಮ ಕಷ್ಟಸುಖ ಕೇಳುತ್ತಾರೆ, ಹೊತ್ತು ಹೊತ್ತಿಗೆ ಸಾತ್ವಿಕ ಊಟ. ಒಟ್ಟಿನಲ್ಲಿ ದೇವರಿರುವ ರೆಸಾರ್ಟ್. ಅಲ್ಲಿ ಸಿಗುವುದು ಅದಲ್ಲ. ಅತಿಥಿ ಬಂದರು ಅಂತ ಆ ಮಠ ತನ್ನ ದಿನಚರಿಯಲ್ಲಿ ಒಂದು ನಿಮಿಷವನ್ನೂ ಆಚೀಚೆ ಮಾಡುವುದಿಲ್ಲ. ಮೊದಲು ಇದು ಬಿರುಸು ಅನ್ನಿಸುತ್ತದೆ. ಆಮೇಲೆ ನನಗೆ ಅನ್ನಿಸಿದ್ದು, ಅವರು ಕೊಡುವ ದೊಡ್ಡ ಸತ್ಕಾರ ಅದೇ. ಇವತ್ತು ಹೇಳಬೇಕೆಂದಿರುವುದೂ ಅಷ್ಟೇ.

ಮೊದಲು ನಿಯಮದ ವಿಷಯ. ಸಂತ ಬೆನೆಡಿಕ್ಟ್ ಇಟಲಿಯ ನರ್ಸಿಯಾದವರು, ಹುಟ್ಟಿದ್ದು ಸುಮಾರು 480ರಲ್ಲಿ. ರೋಮಿಗೆ ಓದಲು ಹೋಗಿ, ಅಲ್ಲಿನ ರೀತಿನೀತಿ ನೋಡಿ ಬೇಸತ್ತು ಗುಹೆ ಸೇರಿದವರು. ಕೊನೆಗೆ ಮೊಂಟೆ ಕಸಿನೊ ಬೆಟ್ಟದಲ್ಲಿ ಮಠ ಕಟ್ಟಿ, ಅಲ್ಲಿರುವವರಿಗಾಗಿ ಒಂದು ನಿಯಮಗ್ರಂಥ ಬರೆದರು. 73 ಅಧ್ಯಾಯ. ತುಂಬ ಸಣ್ಣ ಪುಸ್ತಕ, ಒಂದು ಮಧ್ಯಾಹ್ನ ಕೂತರೆ ಓದಿ ಮುಗಿಸಬಹುದು. ಆಧ್ಯಾತ್ಮದ ಆಕಾಶ ತೋರಿಸುವ ಪುಸ್ತಕ ಇರಬಹುದು ಅಂತ ಓದಲು ಕೂತರೆ ಅದರಲ್ಲಿ ಊಟಕ್ಕೆ ಬೇಯಿಸಿದ ಪದಾರ್ಥ ಎರಡಿರಲಿ, ಒಬ್ಬರಿಗೆ ಒಂದು ಆಗದಿದ್ದರೆ ಇನ್ನೊಂದು ತಿನ್ನಲಿ ಅಂತ ಬರೆದಿದೆ. ಮಲಗುವಾಗ ಸೊಂಟದ ಚಾಕು ತೆಗೆದಿಟ್ಟು ಮಲಗಿ, ನಿದ್ದೆಯಲ್ಲಿ ಗಾಯ ಮಾಡಿಕೊಂಡೀರಿ ಅಂತ ಬರೆದಿದೆ. ಮಠದ ಪಾತ್ರೆ ಸಾಮಾನುಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳ ಹಾಗೆ ನೋಡಿಕೊಳ್ಳಿ ಅಂತ ಉಗ್ರಾಣದವರಿಗೆ ತಾಕೀತು ಮಾಡಿದೆ. ಮನುಷ್ಯರ ಜೊತೆ ಬದುಕಿ ಗೊತ್ತಿರುವವರು ಬರೆದದ್ದು ಅಂತ ಪುಟಪುಟದಲ್ಲೂ ತಿಳಿಯುತ್ತದೆ.

ಅದರಲ್ಲಿ 53ನೇ ಅಧ್ಯಾಯ ಅತಿಥಿಗಳದ್ದು. ಬಂದವರನ್ನೆಲ್ಲ ಕ್ರಿಸ್ತನೇ ಬಂದ ಹಾಗೆ ಬರಮಾಡಿಕೊಳ್ಳಬೇಕು ಎನ್ನುವುದು ಮೊದಲ ಮಾತು. ಎದುರುಗೊಳ್ಳಬೇಕು, ತಲೆಬಾಗಬೇಕು, ಕೈಗೆ ನೀರು ಕೊಡಬೇಕು, ಮಠಾಧಿಪತಿಯೂ ಮಠದವರೂ ಸೇರಿ ಅತಿಥಿಯ ಕಾಲು ತೊಳೆಯಬೇಕು. ಬಡವರು, ಯಾತ್ರಿಕರು ಬಂದರೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಶ್ರೀಮಂತರಿಗೆ ಮರ್ಯಾದೆ ಕೊಡಿ ಅಂತ ಬೇರೆ ಹೇಳಬೇಕಾಗಿಲ್ಲ, ಅವರ ಭಯಕ್ಕೇ ಜನ ಕೊಡುತ್ತಾರೆ ಎನ್ನುವ ಧಾಟಿಯ ಒಂದು ಮಾತೂ ಇದೆ. ಒಂದೂವರೆ ಸಾವಿರ ವರ್ಷದ ಹಿಂದಿನ ಕುಟುಕು, ಇವತ್ತಿಗೂ ಚುರುಕು ಮುಟ್ಟಿಸುತ್ತದೆ ಅಲ್ವಾ?

ಇಷ್ಟು ಓದಿ ನಾವು ಅತಿಥಿ ದೇವೋ ಭವ ಅಂತ ತಲೆದೂಗಿ ಪುಸ್ತಕ ಮುಚ್ಚಿಬಿಡುತ್ತೇವೆ. ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಹೇಳುತ್ತಾರೆ: ಅತಿಥಿಗಳಿಗೆ ಅಡುಗೆಮನೆ ಬೇರೆಯೇ ಇರಲಿ, ಯಾಕೆಂದರೆ ಅವರು ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಮಠಕ್ಕೆ ಅತಿಥಿಗಳು ಬರದ ದಿನವೇ ಇಲ್ಲ, ಅವರಿಂದ ಮಠದವರಿಗೆ ತೊಂದರೆ ಆಗಬಾರದು. ಅವರ ಕೋಣೆ ನೋಡಿಕೊಳ್ಳಲು ದೇವರ ಭಯ ಇರುವ ಒಬ್ಬರನ್ನು ನೇಮಿಸಿ, ಬೇಕಾದಷ್ಟು ಹಾಸಿಗೆ ಇರಲಿ. ಉಳಿದವರು ಅಪ್ಪಣೆ ಇಲ್ಲದೆ ಅತಿಥಿಗಳ ಜೊತೆ ಮಾತಿಗೆ ಕೂರಬಾರದು. ದಾರಿಯಲ್ಲಿ ಎದುರಾದರೆ ವಿನಯದಿಂದ ನಮಸ್ಕಾರ ಮಾಡಿ, ಆಶೀರ್ವಾದ ಕೇಳಿ, ಮಾತಾಡಲು ಅಪ್ಪಣೆ ಇಲ್ಲ ಅಂತ ಹೇಳಿ ಮುಂದೆ ಹೋಗಬೇಕು.

ಕಾಲು ತೊಳೆಯುತ್ತೇವೆ, ಆದರೆ ಹರಟೆಗೆ ಕೂರುವುದಿಲ್ಲ. ಎರಡೂ ಒಂದೇ ಅಧ್ಯಾಯದಲ್ಲಿವೆ. ನನಗೆ ಇದು ಬಹಳ ಜಾಣತನ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ನೆಂಟರು ಬಂದರೆ ಏನಾಗುತ್ತದೆ ಯೋಚಿಸಿ. ಮನೆಯ ಹೆಂಗಸರ ದಿನ ಪೂರ್ತಿ ಹಾಳು, ಮಕ್ಕಳ ಪರೀಕ್ಷೆ ಮೂಲೆಗೆ, ಮೂರನೇ ದಿನಕ್ಕೆ ನೆಂಟರಿಗೂ ಮುಜುಗರ, ಮನೆಯವರಿಗೂ ಸಿಡಿಮಿಡಿ. ಬೆನೆಡಿಕ್ಟ್ ಕಂಡುಕೊಂಡಿದ್ದು ವರ್ಷದ 365 ದಿನವೂ ಬಾಗಿಲು ತೆರೆದಿಡುವ ಉಪಾಯ. ಮನೆಯವರ ಬದುಕು ಅಲುಗದ ಹಾಗೆ ವ್ಯವಸ್ಥೆ ಮಾಡಿದರೆ ಮಾತ್ರ ಬಾಗಿಲು ಯಾವತ್ತೂ ಮುಚ್ಚಬೇಕಾಗುವುದಿಲ್ಲ.

ಈಗ ಆ ಅಲುಗದ ಬದುಕು ಹೇಗಿರುತ್ತದೆ ಅಂತ ನೋಡೋಣ. ರೆಜೀನಾ ಲೌಡಿಸ್‌ನಲ್ಲಿ ರಾತ್ರಿ ಎರಡು ಗಂಟೆಯ ಸುಮಾರಿಗೆ ಸನ್ಯಾಸಿನಿಯರು ಎದ್ದು ಪ್ರಾರ್ಥನೆಗೆ ಹೋಗುತ್ತಾರೆ. ಆಮೇಲೆ ಮತ್ತೆ ಮಲಗಿ, ಬೆಳಗಾದ ಮೇಲೆ ಇನ್ನೊಂದು ಪ್ರಾರ್ಥನೆ, ಬಲಿಪೂಜೆ (ಚರ್ಚಿನ ಮಾಸ್), ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಹೀಗೆ ಹಗಲಿಗೆ ಏಳು, ರಾತ್ರಿಗೆ ಒಂದು. ಬೈಬಲಿನ 119ನೇ ಕೀರ್ತನೆಯಲ್ಲಿ ದಿನಕ್ಕೆ ಏಳು ಸಲ ನಿನ್ನನ್ನು ಸ್ತುತಿಸುತ್ತೇನೆ, ನಡುರಾತ್ರಿಯಲ್ಲಿ ಎದ್ದು ಕೊಂಡಾಡುತ್ತೇನೆ ಅಂತ ಬರುತ್ತದಲ್ಲ, ಅದೇ ಲೆಕ್ಕ. ಹಾಡುವುದು ಲ್ಯಾಟಿನ್‌ನಲ್ಲಿ, ಗ್ರೆಗೋರಿಯನ್ ಎಂಬ ಚರ್ಚಿನ ಹಳೇ ಧಾಟಿಯಲ್ಲಿ. ವಾದ್ಯದ ಅಬ್ಬರ ಇಲ್ಲ, ಶ್ರುತಿ ಪೆಟ್ಟಿಗೆಯೂ ಇಲ್ಲ. ಎರಡು ಸಾಲಲ್ಲಿ ಎದುರುಬದುರು ನಿಂತು, ಈ ಕಡೆಯವರು ಒಂದು ಚರಣ, ಆ ಕಡೆಯವರು ಒಂದು ಚರಣ. 150 ಕೀರ್ತನೆಗಳನ್ನು ವಾರಕ್ಕೊಮ್ಮೆ ಮುಗಿಸಬೇಕು ಅಂತ ಬೆನೆಡಿಕ್ಟ್ ಹೇಳಿದ್ದಾರೆ. ನಮ್ಮ ಹಿರಿಯರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಿದ್ದರಂತೆ, ಮೈಗಳ್ಳರಾದ ನಾವು ವಾರಕ್ಕಾದರೂ ಮುಗಿಸೋಣ ಅಂತ ಕೊನೆಗೊಂದು ಚುಚ್ಚುಮಾತು ಬೇರೆ.

ಅತಿಥಿಗಳು ಇದಕ್ಕೆಲ್ಲ ಹೋಗಬಹುದು, ಬಲವಂತ ಇಲ್ಲ. ಚರ್ಚಿನೊಳಗೆ ಸನ್ಯಾಸಿನಿಯರ ಜಾಗಕ್ಕೂ ನಮ್ಮ ಜಾಗಕ್ಕೂ ನಡುವೆ ಒಂದು ಜಾಲರಿ. ಮಾತಾಡುವ ಕೋಣೆಯಲ್ಲೂ ಅಷ್ಟೇ, ಆ ಕಡೆ ಅವರು, ಈ ಕಡೆ ನಾವು, ನಡುವೆ ಮರದ ಕಂಬಿಗಳು. ಮೊದಲ ಸಲ ಕೂತಾಗ ಜೈಲಿನ ಭೇಟಿ ಕೋಣೆ ನೆನಪಾಗಿ ಸ್ವಲ್ಪ ಕಸಿವಿಸಿ ಆಯಿತು. ಒಳಗಿದ್ದವರು ಯಾರು, ಹೊರಗಿದ್ದವರು ಯಾರು ಅನ್ನುವ ದೊಡ್ಡ ಮಾತೆಲ್ಲ ನಾನು ಆಡುವುದಿಲ್ಲ. ಎದುರಿಗೆ ಕೂತಿದ್ದ ಮದರ್ ಮಾತ್ರ ಆರಾಮಾಗಿದ್ದರು. ನಾನೇ ಕಂಬಿ ಎಣಿಸುತ್ತಿದ್ದೆ.

ನನಗೆ ಕೊಟ್ಟ ಕೆಲಸ ಮೂಲಿಕೆ ತೋಟದಲ್ಲಿ ಕಳೆ ಕೀಳುವುದು. ಹೌದು, ಅಲ್ಲಿ ಅತಿಥಿಗಳಿಗೂ ಕೆಲಸ ಇರುತ್ತದೆ. ಸನ್ಯಾಸಿನಿಯರು ಹೊಲದಲ್ಲಿ ನೀಲಿ ಡೆನಿಮ್ ಬಟ್ಟೆಯಲ್ಲಿ ಹೊಲಿದ ನಿಲುವಂಗಿ ತೊಡುತ್ತಾರೆ, ತಲೆಗೆ ಮುಸುಕು, ಕಾಲಿಗೆ ಗಮ್‌ಬೂಟು. ಅದೇ ವೇಷದಲ್ಲಿ ಟ್ರಾಕ್ಟರ್ ಓಡಿಸುತ್ತಾರೆ. ನನ್ನ ಪಕ್ಕದ ಸಾಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದವರು ವಯಸ್ಸಾದ ಒಬ್ಬ ಮದರ್. ಯಾವುದು ಕಳೆ, ಯಾವುದು ಗಿಡ ಅಂತ ತೋರಿಸುತ್ತಾ ಹೋದರು. ಕೈ ಮಣ್ಣಲ್ಲಿದ್ದರೆ ಮಾತು ತಾನಾಗೇ ಬರುತ್ತದೆ. ನಾನು ಏನೋ ಮನೆ ವಿಷಯ ಹೇಳಿಕೊಂಡೆ, ಅವರು ಕೇಳಿಸಿಕೊಂಡು, ಒಂದು ಗಳಿಗೆ ಸುಮ್ಮನಿದ್ದು, ನೋಡಿ ನನಗೆ ಏನನ್ನಿಸುತ್ತದೆ ಅಂದರೆ ಅಂತ ಶುರು ಮಾಡಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಎದ್ದರು, ಕೈ ಒರೆಸಿಕೊಂಡರು, ತಲೆ ಬಾಗಿಸಿ ನಕ್ಕರು, ಹೋದರು. ವಾಕ್ಯ ಅಲ್ಲೇ. ಉಳಿದರ್ಧ ನನಗೆ ಸಿಗಲೇ ಇಲ್ಲ.

ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಿಯಮಗ್ರಂಥ ತೆಗೆದು ನೋಡಿದರೆ 43ನೇ ಅಧ್ಯಾಯದಲ್ಲಿ ಸಾಫ್ ಸೀದಾ ಬರೆದಿದೆ: ಗಂಟೆ ಕೇಳಿದ ಕೂಡಲೇ ಕೈಯಲ್ಲಿರುವುದನ್ನು ಬಿಟ್ಟು ಹೊರಡಿ, ದೇವರ ಕೆಲಸಕ್ಕಿಂತ, ಅಂದರೆ ಪ್ರಾರ್ಥನೆಗಿಂತ, ಯಾವುದೂ ಮುಂದಲ್ಲ. ನನ್ನ ಕಷ್ಟ ಎಷ್ಟೇ ದೊಡ್ಡದಿದ್ದರೂ ಅದರ ಅಳತೆ ಅಲ್ಲಿ ಬೇರೆ. ಇಡೀ ದಿನ ನಮ್ಮ ಸುತ್ತ ಸುತ್ತುವ ಜಾಗಗಳು ಬೇಕಾದಷ್ಟಿವೆ, ದುಡ್ಡು ಕೊಟ್ಟರಾಯಿತು. ನಮ್ಮ ಸುತ್ತ ಸುತ್ತದೇ ಇರುವ, ಆದರೂ ನಮಗೆ ಹಾಸಿಗೆ ಹಾಸಿಟ್ಟ ಜಾಗ ಸಿಗುವುದು ಕಷ್ಟ. ಅಲ್ಲಿ ಮೊದಲ ಸಲ ನಾನು ನನ್ನ ವಿಷಯ ಬಿಟ್ಟು ಸುಮ್ನೆ ಕಳೆ ಕಿತ್ತೆ.

ಇನ್ನು ಮಠ ಹುಟ್ಟಿದ ಕತೆ. ಬೇಗ ಹೇಳಿಬಿಡುತ್ತೇನೆ, ಸಿನಿಮಾ ಥರ ಇದೆ. ವೆರಾ ಡಸ್ ಅಂತ ಒಬ್ಬ ಹೆಣ್ಣುಮಗಳು, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1910ರಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬೆಳೆದು, ವೈದ್ಯಕೀಯ ಓದಿ ಡಾಕ್ಟರಾದವರು. ಪ್ರಾಕ್ಟೀಸ್ ಮಾಡಿಕೊಂಡಿರುವುದು ಬಿಟ್ಟು ಜುವಾರ್ ಎಂಬ ಊರಿನ ಬೆನೆಡಿಕ್ಟಿನ್ ಮಠ ಸೇರಿ ಮದರ್ ಬೆನೆಡಿಕ್ಟ್ ಆದರು. ಆ ಮಠ ಏಳನೇ ಶತಮಾನದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರಿಗೆ ಬಂದರು, ಅಮೆರಿಕದ ಪ್ರಜೆ ಅಂತ ಇವರು ಅಡಗಿ ಇರಬೇಕಾಯಿತು. 1944ರ ಆಗಸ್ಟ್‌ನಲ್ಲಿ ಮಠದ ಗೋಪುರದ ಮೇಲಿಂದ ನೋಡಿದರೆ ಬರುತ್ತಿರುವುದು ಅಮೆರಿಕದ ಸೇನೆ. ಊರು ಬಿಡುಗಡೆಯಾಯಿತು. ಆ ಋಣಕ್ಕೆ ನಾನು ಹುಟ್ಟಿದ ದೇಶಕ್ಕೆ ಒಂದು ಮಠ ಕೊಡುತ್ತೇನೆ ಅಂತ ಹೊರಟರು. ಜೊತೆಗೆ ಮೇರಿ ಅಲೀನ್ ಎಂಬ ಫ್ರೆಂಚ್ ಸನ್ಯಾಸಿನಿ ಒಬ್ಬರೇ. 1946ರಲ್ಲಿ ಬಂದಿಳಿದಾಗ ಕೈಯಲ್ಲಿ ಕಾಸಿಲ್ಲ, ನಿಲ್ಲಲು ನೆಲೆ ಇಲ್ಲ. ಬೆಥ್ಲೆಹೆಮ್‌ನಲ್ಲಿದ್ದ ಲಾರೆನ್ ಫೋರ್ಡ್ ಎಂಬ ಚಿತ್ರಕಾರ್ತಿ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ರಾಬರ್ಟ್ ಲೆದರ್ ಎಂಬ ಉದ್ಯಮಿ ಗುಡ್ಡ ಕೊಟ್ಟರು, ಹಳೇ ಕಾರ್ಖಾನೆ ಕಟ್ಟಡ ಮಠವಾಯಿತು. ಜುವಾರ್ ಬಿಡಿಸಿದ್ದು ಜನರಲ್ ಪ್ಯಾಟನ್ ಅವರ ಪಡೆ. ಆ ಪ್ಯಾಟನ್‌ರ ಮೊಮ್ಮಗಳೇ ಎಷ್ಟೋ ವರ್ಷಗಳ ಮೇಲೆ ಈ ಮಠ ಸೇರಿದರು. ಇದನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಸ್ವಲ್ಪ ಅತಿಯಾಯಿತು ಅನ್ನುತ್ತಿದ್ದೆವು.

ಗಮನಿಸಿ, ಬೇರೆಯವರನ್ನು ಬರಮಾಡಿಕೊಳ್ಳುವ ಮಠ ಶುರುವಾಗಿದ್ದೇ ಇನ್ನೊಬ್ಬರ ಮನೆಯಲ್ಲಿ ಅತಿಥಿಯಾಗಿ.

ಅತಿಥಿಗಳಿಗಾಗಿ ಮಠ ಬದಲಾಗುವುದಿಲ್ಲ ಅಂದೆ. ಆದರೆ ಅತಿಥಿಗಳಿಂದ ಮಠ ಕಲಿಯುವುದಿಲ್ಲ ಅಂತಲ್ಲ. 61ನೇ ಅಧ್ಯಾಯದಲ್ಲಿ ಒಂದು ಸೊಗಸಾದ ಮಾತಿದೆ: ದೂರದಿಂದ ಬಂದ ಸನ್ಯಾಸಿ ವಿನಯದಿಂದ ಏನಾದರೂ ಕುಂದು ತೋರಿಸಿದರೆ ಮಠಾಧಿಪತಿ ಯೋಚಿಸಲಿ, ದೇವರು ಅವನನ್ನು ಕಳಿಸಿದ್ದೇ ಅದಕ್ಕಿರಬಹುದು. ಇದಕ್ಕೆ ರೆಜೀನಾ ಲೌಡಿಸ್‌ನಲ್ಲಿ ಒಳ್ಳೆಯ ಉದಾಹರಣೆ ಚೀಸ್.

ಹಸು ಇತ್ತು, ಹಾಲಿತ್ತು. ಮದರ್ ನೊಯೆಲ್ಲಾ ಮಾರ್ಸೆಲಿನೊ ಅವರಿಗೆ ಚೀಸ್ ಮಾಡುವ ಕೆಲಸ ಬಂತು. ಮೊದಮೊದಲು ಮಾಡಿದ್ದು ಹಂದಿಗಳ ಪಾಲಾಯಿತಂತೆ. 1977ರಲ್ಲಿ ಫ್ರಾನ್ಸಿನ ಓವೆರ್ನ್ ಕಡೆಯ ಹೆಂಗಸೊಬ್ಬರು ಮಠಕ್ಕೆ ಬಂದರು. ಅಜ್ಜಿ, ಅಮ್ಮನ ಕಾಲದಿಂದ ಚೀಸ್ ಮಾಡಿಕೊಂಡು ಬಂದ ಮನೆಯವರು. ಸೇಂತ್ ನೆಕ್ತೇರ್ ಎಂಬ ಆ ಕಡೆಯ ಚೀಸ್ ಮಾಡುವ ಬಗೆಯನ್ನು ಅವರು ಹೇಳಿಕೊಟ್ಟರು. ಹಸಿ ಹಾಲು, ಮರದ ಪೀಪಾಯಿ, ಕಲಕಲು ಮರದ ಹುಟ್ಟು. ಹೊರಗಿನಿಂದ ಪ್ಯಾಕೆಟ್ಟಿನ ಬ್ಯಾಕ್ಟೀರಿಯಾ ಸೇರಿಸುವ ಹಾಗಿಲ್ಲ. ಮರದ ಸಂದಿಗಳಲ್ಲಿ ಇರುವ ಬ್ಯಾಕ್ಟೀರಿಯಾಗಳೇ ಕೆಲಸ ಮಾಡುತ್ತವೆ. ನಮ್ಮಲ್ಲಿ ಮೊಸರಿನ ಗಡಿಗೆಯಲ್ಲಿ ನಿನ್ನೆಯ ಹೆಪ್ಪು ಅಂಟಿಕೊಂಡಿರುತ್ತದಲ್ಲ, ಹಾಗೆ.

1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚೀಸ್ ತಿಂದು ಲಿಸ್ಟೀರಿಯಾ ಸೋಂಕಿನಿಂದ ಹಲವರು ಸತ್ತರು. ದೇಶವೆಲ್ಲ ಗಾಬರಿ. ಆರೋಗ್ಯ ಅಧಿಕಾರಿಗಳು ಇಲ್ಲಿಗೂ ಬಂದು ಮರದ ಪೀಪಾಯಿ ಬೇಡ, ಸ್ಟೀಲ್ ತೊಟ್ಟಿ ತನ್ನಿ ಅಂದರು. ವಿಧೇಯತೆಯ ವ್ರತ ತೊಟ್ಟವರು, ತಂದರು. ಆಮೇಲೆ ನೋಡಿದರೆ ಸ್ಟೀಲ್ ತೊಟ್ಟಿಯ ಚೀಸ್‌ನಲ್ಲೇ ಇ-ಕೊಲಿ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳತೊಡಗಿತು. ಮದರ್ ನೊಯೆಲ್ಲಾ ವಾದಕ್ಕೆ ನಿಲ್ಲಲಿಲ್ಲ, ಪ್ರಯೋಗ ಮಾಡಿದರು. ಬೇಕಂತಲೇ ಇ-ಕೊಲಿ ಸೇರಿಸಿದ ಹಾಲನ್ನು ಒಂದಿಷ್ಟು ತೊಳೆದು ಶುದ್ಧ ಮಾಡಿದ ಸ್ಟೀಲ್ ತೊಟ್ಟಿಗೆ, ಒಂದಿಷ್ಟು ಮರದ ಪೀಪಾಯಿಗೆ ಹಾಕಿ ಎರಡರಲ್ಲೂ ಚೀಸ್ ಮಾಡಿದರು. ಸ್ಟೀಲಿನದರಲ್ಲಿ ಇ-ಕೊಲಿ ಬೆಳೆಯಿತು, ಮರದ್ದರಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ಮರದಲ್ಲಿ ನೆಲೆಸಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಲನ್ನು ಹುಳಿ ಮಾಡುತ್ತವೆ, ಆ ಹುಳಿಯಲ್ಲಿ ಇ-ಕೊಲಿ ಬಾಳುವುದಿಲ್ಲ. ಪೀಪಾಯಿ ವಾಪಸ್ ಬಂತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದಿ, ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಫ್ರಾನ್ಸಿನ ಹಳ್ಳಿಹಳ್ಳಿಯ ಚೀಸ್ ನೆಲಮಾಳಿಗೆ ಸುತ್ತಿ ಅಲ್ಲಿನ ಬೂಸ್ಟಿನ ಮಾದರಿ ಸಂಗ್ರಹಿಸಿ, ಡಾಕ್ಟರೇಟ್ ಪಡೆದರು. ಆವರಣ ದಾಟದ ಸಂಪ್ರದಾಯದವರನ್ನು ಚೀಸ್ ಹಿಂದೆ ಊರೂರು ಸುತ್ತಲು ಕಳಿಸಿದ ಮಠವನ್ನು ಹಟಮಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಗಂಟೆಯ ವಿಷಯಕ್ಕೆ ಬಗ್ಗದವರು ಕಲಿಯುವ ವಿಷಯಕ್ಕೆ ಇಷ್ಟು ಬಗ್ಗುತ್ತಾರೆ.

ಅತಿಥಿಯಾಗಿ ಬಂದು ಅಲ್ಲೇ ಉಳಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಡೊಲೋರೆಸ್ ಹಾರ್ಟ್. ಗಾಯಕ ಎಲ್ವಿಸ್ ಪ್ರೀಸ್ಲಿ ಜೊತೆ ಎರಡು ಸಿನಿಮಾದಲ್ಲಿ ನಾಯಕಿಯಾಗಿದ್ದ ಹಾಲಿವುಡ್ ನಟಿ. 1959ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದಲ್ಲಿದ್ದಾಗ ದಣಿವಾರಿಸಿಕೊಳ್ಳಲು ಈ ಮಠಕ್ಕೆ ಬಂದರು. ಮತ್ತೆ ಮತ್ತೆ ಬಂದರು. ನೀನಿನ್ನೂ ಚಿಕ್ಕವಳು, ಹೋಗಿ ಸಿನಿಮಾ ಮಾಡು ಅಂತ ಮದರ್ ಬೆನೆಡಿಕ್ಟ್ ಮೊದಲು ವಾಪಸ್ ಕಳಿಸಿದ್ದರು. ಬಂದ ಪ್ರಸಿದ್ಧ ನಟಿಯನ್ನು ಬಾಚಿಕೊಳ್ಳಲಿಲ್ಲ! 1963ರಲ್ಲಿ, 24ನೇ ವಯಸ್ಸಿಗೆ, ನಿಶ್ಚಿತಾರ್ಥ ಮುರಿದು ಮಠ ಸೇರಿದರು.

ಈ ಕತೆಯಲ್ಲಿ ಎಲ್ಲರೂ ನಟಿಯ ಬಗ್ಗೆ ಮಾತಾಡುತ್ತಾರೆ. ನನಗೆ ಕಾಡುವುದು ಮದುವೆ ತಪ್ಪಿದ ಆ ಗಂಡಸು, ಡಾನ್ ರಾಬಿನ್ಸನ್. ಅವರು ಬೇರೆ ಮದುವೆ ಆಗಲಿಲ್ಲ. 2011ರಲ್ಲಿ ತೀರಿಕೊಳ್ಳುವವರೆಗೂ ವರ್ಷ ವರ್ಷ ಮಠಕ್ಕೆ ಬಂದು ಹೋಗುತ್ತಿದ್ದರು. ಮಠವೂ ಬೇಡ ಅನ್ನಲಿಲ್ಲ. ಇಂಥವರಿಗೆ ಎಲ್ಲಿ ಜಾಗ ಇರುತ್ತದೆ ಹೇಳಿ? ನಟಿ ಪೆಟ್ರೀಷಿಯಾ ನೀಲ್ ಕೂಡ ಮದುವೆ ಮುರಿದು ಕಂಗಾಲಾಗಿದ್ದ ಕಾಲದಲ್ಲಿ ಇಲ್ಲಿ ಬಂದು ಇದ್ದರು, ತಮ್ಮ ಬದುಕನ್ನು ಬರೆಯಲು ಶುರು ಮಾಡಿದರು. 2010ರಲ್ಲಿ ಅವರನ್ನು ಮಣ್ಣು ಮಾಡಿದ್ದೂ ಈ ಮಠದ ಆವರಣದಲ್ಲೇ.

ಇಷ್ಟೆಲ್ಲ ನಿಯಮದ ಪರ ವಾದ ಮಾಡಿ, ಬೆನೆಡಿಕ್ಟಿನ್ ಹೆಂಗಸರು ಪ್ರೀತಿಯಿಂದ ಹೇಳುವ ಒಂದು ಕತೆ ಹೇಳದಿದ್ದರೆ ನ್ಯಾಯ ಅಲ್ಲ. ಬೆನೆಡಿಕ್ಟ್‌ಗೆ ಸ್ಕೊಲಾಸ್ಟಿಕಾ ಅಂತ ತಂಗಿ. ಅವಳೂ ದೇವರಿಗೆ ಮುಡಿಪಾದವಳು. ವರ್ಷಕ್ಕೊಮ್ಮೆ ಮಠದ ಹೊರಗಿನ ಒಂದು ಮನೆಯಲ್ಲಿ ಅಣ್ಣ ತಂಗಿ ಭೇಟಿ. ಒಂದು ಸಲ ಮಾತಾಡುತ್ತಾ ಕತ್ತಲಾಯಿತು. ಇವತ್ತು ರಾತ್ರಿ ಇಲ್ಲೇ ಇರು, ಬೆಳಗಿನವರೆಗೂ ಮಾತಾಡೋಣ ಅಂದಳು. ಮಠದ ಹೊರಗೆ ರಾತ್ರಿ ಉಳಿಯುವುದೇ? ಸಾಧ್ಯವೇ ಇಲ್ಲ ಅಂದ ಅಣ್ಣ. ಅವಳು ಮೇಜಿನ ಮೇಲೆ ತಲೆಯಿಟ್ಟು ಪ್ರಾರ್ಥಿಸಿದಳು. ತಿಳಿಯಾಗಿದ್ದ ಆಕಾಶದಿಂದ ಗುಡುಗು ಮಿಂಚು ಮಳೆ, ಹೊಸ್ತಿಲು ದಾಟಲಾಗದಷ್ಟು. ಏನು ಮಾಡಿದೆ ತಂಗಿ ಅಂದರೆ, ನಿನ್ನನ್ನು ಕೇಳಿದೆ, ನೀನು ಕೇಳಿಸಿಕೊಳ್ಳಲಿಲ್ಲ, ದೇವರನ್ನು ಕೇಳಿದೆ, ಅವನು ಕೇಳಿಸಿಕೊಂಡ ಅಂದಳಂತೆ. ರಾತ್ರಿಯಿಡೀ ಮಾತಾಡಿದರು. ಮೂರು ದಿನಕ್ಕೆ ಅವಳು ತೀರಿಹೋದಳು. ಈ ಕತೆ ದಾಖಲಿಸಿದ ಪೋಪ್ ಗ್ರೆಗೊರಿ ತೀರ್ಪು ಕೊಡುವುದು ತಂಗಿಯ ಕಡೆಗೆ: ಅವಳ ಪ್ರೀತಿ ದೊಡ್ಡದು, ಅದಕ್ಕೇ ಅವಳ ಕೈ ಮೇಲಾಯಿತು. ನಿಯಮ ಬರೆದವನೇ ತಂಗಿಯ ಪ್ರೀತಿಯ ಎದುರು ಸೋತ ಕತೆಯನ್ನು ಈ ಸಂಪ್ರದಾಯ ಮುಚ್ಚಿಡದೆ ಉಳಿಸಿಕೊಂಡಿದೆ. ನನ್ನ ಅರ್ಧ ವಾಕ್ಯದ ದಿನ ಮಳೆ ಬರಲಿಲ್ಲ, ಅದು ಬೇರೆ ಮಾತು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಇಷ್ಟು ಓದಿದ ಹೆಂಗಸರು ಒಂದೇ ಕಡೆ ಬಾಗಿಲು ಹಾಕಿಕೊಂಡು ಕೂರುವುದು ವ್ಯರ್ಥ ಅಲ್ವಾ ಅಂತ ಒಬ್ಬರು. ಬೆನೆಡಿಕ್ಟಿನ್ನರ ವ್ರತಗಳಲ್ಲಿ ಒಂದು, ಸಾಯುವವರೆಗೂ ಇದೇ ಮಠದಲ್ಲಿ ಇದೇ ಜನರ ಜೊತೆ ಇರುತ್ತೇನೆ ಎನ್ನುವುದು. ನನಗೆ ಅದು ಭಯ ಹುಟ್ಟಿಸುತ್ತದೆ, ಒಪ್ಪುತ್ತೇನೆ. ಮದರ್ ಡೊಲೋರೆಸ್ ಕೂಡ ಮೊದಲ ವರ್ಷಗಳು ಎಷ್ಟು ಕಷ್ಟವಾಗಿದ್ದವು ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ವ್ಯರ್ಥವೋ ಅಲ್ಲವೋ ಹೇಳಲು ನಾನು ಯಾರು? ಹೋದವರಿಗೆ ಬಾಗಿಲು ತೆರೆಯಲು ಯಾರಾದರೂ ಒಬ್ಬರು ಯಾವಾಗಲೂ ಮನೆಯಲ್ಲಿ ಇರಬೇಕಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಅಮೆರಿಕಕ್ಕೇ ಹೋಗಬೇಕಾ ಅಂತ ಇನ್ನೊಬ್ಬರು. ಬೇಡ. ಬೆಂಗಳೂರಲ್ಲೇ ಶಾಂತಿ ನಿಲಯಂ ಎಂಬ ಬೆನೆಡಿಕ್ಟಿನ್ ಸನ್ಯಾಸಿನಿಯರ ಮಠ ಇದೆ. ಇಂಗ್ಲೆಂಡಿನ ವೈಟ್ ದ್ವೀಪದ ರೈಡ್ ಊರಿನ ಸಂತ ಸಿಸೀಲಿಯಾ ಮಠದಲ್ಲಿ ತರಬೇತಿ ಪಡೆದು ಬಂದವರು ಕಟ್ಟಿದ್ದು. ಗಂಡಸರ ಮಠ ಬೇಕಂದರೆ ಕುಂಬಳಗೋಡಿನ ಆಶೀರ್ವನಂ ಇದೆ, 1957ರಿಂದ.

ಕ್ರೈಸ್ತರಲ್ಲದವರು ರೆಜೀನಾ ಲೌಡಿಸ್‌ಗೆ ಹೋಗಬಹುದಾ ಅಂತಲೂ ಕೇಳಿದರು. ಧಾರಾಳವಾಗಿ. ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ, ಅಂದರೆ ಪವಿತ್ರ ರೊಟ್ಟಿ, ಕ್ಯಾಥೊಲಿಕರಿಗೆ ಮಾತ್ರ, ಆಗ ಕೂತಲ್ಲೇ ಕೂತಿರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುಂಚೆಯೇ ಬರೆದು ಕೇಳಿ, ಹೇಳದೆ ಕೇಳದೆ ಹೋಗಿ ನಿಲ್ಲಬೇಡಿ. ಕೆಲಸಕ್ಕಾಗುವ ಬಟ್ಟೆ, ಗಟ್ಟಿ ಶೂ ಇಟ್ಟುಕೊಳ್ಳಿ. ಬೇಸಿಗೆಯಲ್ಲಾದರೆ ಹುಲ್ಲಿನ ಕೆಲಸ ಜಾಸ್ತಿ, ತುಂಬುತೋಳಿನ ಅಂಗಿಯೇ ಬೇಕು, ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ಆ ಕಡೆ ಉಣುಗಿನ ಕಾಟ ವಿಪರೀತ. ಲೈಮ್ ರೋಗಕ್ಕೆ ಆ ಹೆಸರು ಬಂದಿದ್ದೇ ಕನೆಕ್ಟಿಕಟ್‌ನ ಲೈಮ್ ಊರಿನಿಂದ. ಮಂಗನ ಕಾಯಿಲೆ ಕಂಡಿರುವ ಮಲೆನಾಡಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ಸಂಜೆ ಕೋಣೆಗೆ ಬಂದ ಮೇಲೆ ಮೊಣಕಾಲ ಹಿಂದೆ, ಕಿವಿಯ ಹಿಂದೆ ಒಂದು ಸಲ ನೋಡಿಕೊಂಡು ಮಲಗಿ.